ದೊಡ್ಡ ಮೋಟ್ರಲ್ಲ, ತಕ್ಕ ಮೋಟ್ರು

ರಿಮೋಟ್ ಕಾರಿನ ಹುಚ್ಚು ಹತ್ತಿರೋ ಹೈಕ್ಳ ಮನೇಲಿ ಆರು ತಿಂಗ್ಳಿಗೊಂದ್ಸಲ ಒಂದೇ ರಾಗ ಕಣ್ರವ್ವ: "ಮೋಟ್ರು ಬದ್ಲಾಯಿಸ್ಬೇಕು, ಸ್ಪೀಡೇ ಸಾಲ್ದು." ಇದುಕ್ಕೆ ನಮ್ಮ ಹೆಂಗಸ್ರು ಕೊಡೋ ಉತ್ರ ಎರಡೇ ಥರ. ಒಬ್ರು, "ಆಟದ ಸಾಮಾನ್ಗೆ ಇನ್ನೊಂದು ಪೈಸನೂ ಕೊಡಕಿಲ್ಲ, ಹೋಗಿ ಓದ್ಕೊ" ಅಂತಾರೆ. ಇನ್ನೊಬ್ರು, "ತಗಳದಾದ್ರೆ ದೊಡ್ಡದ್ನೇ ತಗಂಡ್ಬುಡು, ಪದೇ ಪದೇ ಕೇಳ್ಬ್ಯಾಡ" ಅಂತ ದುಡ್ಡು ಎಣಿಸ್ತಾರೆ. ನನ್ನ ಕೇಳಿದ್ರೆ ಎರಡೂ ಸರಿಯಿಲ್ಲ. ಕಡಮೆ ದುಡ್ಡಿನ ಮನೆಗೆ ದೊಡ್ಡ ಮೋಟ್ರು ಬ್ಯಾಡ, ಕಾರಿಗೆ ತಕ್ಕ ಮೋಟ್ರು ಬೇಕು. ಯಾವ್ದು ತಕ್ಕದು ಅಂತ ಗೊತ್ತು ಮಾಡೋ ಕ್ಯಾಮೇಲಿ ಅವ್ವಂದ್ರೂ ಜೊತೇಲಿ ಕುಂತ್ಕಬೇಕು.

ಮೋಟ್ರು ಅಂದ್ರೆ ಗಂಡಸ್ರ ಬಾಬ್ತು ಅಂತ ನಾವ್ಯಾಕೆ ಸುಮ್ಕಿರ್ಬೇಕು? ಮಿಕ್ಸಿ ಯಾವಾಗ ಸುಟ್ಟ ವಾಸ್ನೆ ಬಿಡ್ತದೆ, ಗ್ರೈಂಡ್ರು ಯಾವಾಗ ಮುಲುಗ್ತದೆ ಅಂತ ಮೊದ್ಲು ಗೊತ್ತಾಗದು ನಮ್ಗೇಯ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತು. ಬೆಂಗ್ಳೂರಿಗೆ ದೀಪ ಹತ್ತಿದ್ದು ಅದಾದ್ಮೇಲೆ, 1905ರಲ್ಲಿ. ಅಂಥ ಸೀಮೇಲಿ ಹುಟ್ಟಿ ಬೆಳ್ದೋರು ಅಂಗೈಯಗಲದ ಮೋಟ್ರಿಗೆ ಹೆದರ್ಕಂಡ್ರೆ ಹೆಂಗೆ?

ಮೊದಲ್ನೇ ಪ್ರಶ್ನೆ ಮೋಟ್ರಿಂದಲ್ಲ, ಕಾರಿಂದು. ಜಾತ್ರೇಲಿ, ಸಂತೇಲಿ ಸಿಗೋ ರಿಮೋಟ್ ಕಾರು ಬ್ಯಾರೆ, ಹಾಬಿ ಕಾರು ಬ್ಯಾರೆ. ಜಾತ್ರೆ ಕಾರಿಗೆ ಬಿಡಿಭಾಗ ಸಿಗಕಿಲ್ಲ, ಅದ್ರ ಹಲ್ಲಿನ ಚಕ್ರ ತೆಳು ಪ್ಲಾಸ್ಟಿಕ್ಕು. ಅದುಕ್ಕೆ ಜೋರು ಮೋಟ್ರು ಹಾಕದು ಎಳೆಗರಕ್ಕೆ ಲಾರಿ ನೊಗ ಕಟ್ಟಿದಂಗೆ. ಹಾಬಿ ಕಾರಿಗಾದ್ರೆ ಒಂದೊಂದು ಭಾಗವೂ ಬಿಡಿಯಾಗಿ ಸಿಗ್ತದೆ. ಹಂಗಾಗಿ "ಈ ಕಾರಿಗೆ ಹಲ್ಲಿನ ಚಕ್ರ, ಆಕ್ಸಲ್ಲು ಬಿಡಿಯಾಗಿ ಸಿಗ್ತದಾ?" ಅಂತ ಮೊದ್ಲು ಕೇಳಿ. ಇಲ್ಲ ಅಂದ್ರೆ ಮೋಟ್ರು ಮಾತು ಅಲ್ಲಿಗೇ ಮುಗೀತು.

ಎರಡ್ನೇದು, ಈಗಿರೋ ಮೋಟ್ರಿಗೆ ಎಷ್ಟು ವೈರು ಅವೆ ಅಂತ ಎಣಿಸಿ. ಎರಡಿದ್ರೆ ಬ್ರಶ್ ಮೋಟ್ರು, ಮೂರಿದ್ರೆ ಬ್ರಶ್‌ಲೆಸ್ಸು. ಬ್ರಶ್ ಮೋಟ್ರು ಅಂದ್ರೆ ನಮ್ಮ ಮಿಕ್ಸಿ ಇದ್ದಂಗೆ: ಒಳಗೆ ಕಾರ್ಬನ್ ತುಂಡು ಉಜ್ತಾ ಇರ್ತದೆ, ಕಿಡಿ ಹಾರ್ತದೆ, ಸವೀತದೆ. ಬ್ರಶ್‌ಲೆಸ್ಸು ಅಂದ್ರೆ ಈಗ ಎಲ್ರೂ ಹಾಕಿಸ್ಕತಿರೋ ಬಿಎಲ್‌ಡಿಸಿ ಫ್ಯಾನು ಇದ್ದಂಗೆ. ಹಳೇ ಫ್ಯಾನು 75 ವ್ಯಾಟು ಎಳೀತಿತ್ತು, ಇದು 30 ವ್ಯಾಟಿನ ಆಸುಪಾಸಲ್ಲೇ ಗಾಳಿ ಬೀಸ್ತದೆ. ಉಜ್ಜೋ ಕಾರ್ಬನ್ನಿಲ್ಲ, ಬಿಸಿ ಕಡಮೆ, ಬಾಳಿಕೆ ಜಾಸ್ತಿ. ನಮ್ಮ ತೋಟದ ತ್ರೀ ಫೇಸ್ ಮೋಟ್ರಂಗೆ ಇದ್ರಲ್ಲೂ ಯಾವ್ದಾರ ಎರಡು ವೈರು ಅದಲು ಬದಲು ಮಾಡಿದ್ರೆ ಉಲ್ಟಾ ತಿರುಗ್ತದೆ.

ಹಂಗಾದ್ರೆ ಬ್ರಶ್‌ಲೆಸ್ಸೇ ತಗಬೋದಲ್ಲ ಅಂತೀರಾ? ಅಲ್ಲೇ ಇರೋದು ಖರ್ಚಿನ ಗುಟ್ಟು. ಬ್ರಶ್ ಮೋಟ್ರಿಗೆ ಕರೆಂಟು ಕೊಡೋ ಸ್ಪೀಡ್ ಕಂಟ್ರೋಲರ್ರು ಬ್ರಶ್‌ಲೆಸ್ಸಿಗೆ ಆಗಕಿಲ್ಲ. ಮೋಟ್ರು ತಗಂಡ್ರೆ ಅದನ್ನೂ ತಗಬೇಕು. ಸಣ್ಣ ಕಾರುಗಳಲ್ಲಿ ಸುಮಾರಕ್ಕೆ ಸಿಗ್ನಲ್ ಹಿಡಿಯೋ ರಿಸೀವರ್ರೂ ಕಂಟ್ರೋಲರ್ರೂ ಒಂದೇ ಬೋರ್ಡಲ್ಲಿ ಕುಂತಿರ್ತವೆ. ಅದನ್ನ ಕಿತ್ರೆ ಹೊಸ ರಿಸೀವರ್ರು, ಅದುಕ್ಕೆ ಹೊಂದೋ ಹೊಸ ರಿಮೋಟು. ಸ್ಟೇರಿಂಗ್ ತಿರುಗ್ಸೋ ಸರ್ವೋಗೆ ಮೂರು ವೈರಿನ ಬದ್ಲು ಐದು ವೈರಿದ್ರೆ ಅದೂ ಬದ್ಲಾಯಿಸ್ಬೇಕು. ಬರೀ ಮೋಟ್ರು ಅಂತ ಶುರುವಾದದ್ದು ಅರ್ಧ ಕಾರಿನ ಬೆಲೆ ಮುಟ್ತದೆ. ಬ್ರಶ್ ಮೋಟ್ರು ನೂರುಗಳ ಲೆಕ್ಕ, ಬ್ರಶ್‌ಲೆಸ್ ಸೆಟ್ಟು ಸಾವಿರಗಳ ಲೆಕ್ಕ.

ಇನ್ನು ಮೋಟ್ರ ಮೇಲಿನ ನಂಬರ್ರು. 540 ಅಂತ ಇದ್ರೆ ಸುಮಾರು 36 ಮಿಲಿಮೀಟರ್ ದಪ್ಪ, 50 ಮಿಲಿಮೀಟರ್ ಉದ್ದ. ಜಪಾನಿನ ಟಮಿಯಾ ಕಿಟ್ಟುಗಳಲ್ಲಿ ಬಾಳ ಕಾಲದಿಂದ ಬತ್ತಿರೋದು ಈ ಸೈಜೇ. 380 ಅಂದ್ರೆ ಅದಕ್ಕಿಂತ ಸಣ್ಣದು, 28 ಮಿಲಿಮೀಟರ್ ದಪ್ಪ. ಬ್ರಶ್‌ಲೆಸ್ಸಲ್ಲಿ 3650 ಅಂತ ಬರ್ದಿದ್ರೆ ಅದೇ 36, ಅದೇ 50. ಸ್ಕೇಲ್ ಇಟ್ಟು ಅಳೆದು ನೋಡ್ದೆ ಆರ್ಡರ್ ಮಾಡಿದ್ರೆ ಬಂದ ಮೋಟ್ರು ಕಾರೊಳಗೆ ಕೂರದೇ ಇಲ್ಲ. ಶಾಫ್ಟಿನ ದಪ್ಪವೂ ಅಷ್ಟೇ. 540ರದ್ದು 3.17 ಮಿಲಿಮೀಟರು, ಸಣ್ಣ ಮೋಟ್ರಿಂದು ಅದಕ್ಕಿಂತ ತೆಳು. ಹಳೇ ಮೋಟ್ರಿನ ಹಲ್ಲಿನ ಚಕ್ರ ಹೊಸದುಕ್ಕೆ ಹಿಡೀತದಾ ಅಂತ ನೋಡ್ಕಬೇಕು.

ಬ್ರಶ್ ಮೋಟ್ರಲ್ಲಿ ಟರ್ನ್ ಅಂತ ಇನ್ನೊಂದು ನಂಬರ್ರು. ತಾಮ್ರದ ತಂತಿ ಎಷ್ಟು ಸುತ್ತು ಸುತ್ತವ್ರೆ ಅನ್ನೋ ಲೆಕ್ಕ ಅದು. ಸುತ್ತು ಕಮ್ಮಿಯಾದಷ್ಟೂ ವೇಗ ಜಾಸ್ತಿ, ಕರೆಂಟು ಎಳೆಯೋದು ಜಾಸ್ತಿ, ಕಾಯೋದೂ ಜಾಸ್ತಿ. 55 ಟರ್ನಿಂದು ಕಲ್ಲು ಬಂಡೆ ಮೇಲೆ ನಿಧಾನಕ್ಕೆ ಹತ್ತೋ ಕಾರಿಗೆ. 27 ಟರ್ನು ಸಾಧಾರಣ ಓಟಕ್ಕೆ. ಬ್ರಶ್‌ಲೆಸ್ಸಲ್ಲಿ ಕೆವಿ ಅಂತಾರೆ: ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅಂತ. 3300 ಕೆವಿ ಮೋಟ್ರಿಗೆ 7.4 ವೋಲ್ಟಿನ ಬ್ಯಾಟ್ರಿ ಹಾಕಿದ್ರೆ, ಭಾರ ಇಲ್ದೆ ತಿರುಗುವಾಗ, ಹತ್ತತ್ರ 24,400 ಸುತ್ತು. ನಂಬರ್ ದೊಡ್ಡದಾದ್ರೆ ಮೋಟ್ರು ಒಳ್ಳೇದು ಅಂತಲ್ಲ, ಬಿರ್ನೆ ತಿರುಗ್ತದೆ ಅಂತ ಅಷ್ಟೇ.

ಬಿರ್ನೆ ತಿರುಗಿದ್ರೆ ಎಲ್ಲ ಆಯ್ತಾ? ನಮ್ಮ ಕಡೆ ಆಲೆಮನೆ ನೋಡಿರೋರ್ಗೆ ಇದು ಹೇಳ್ಬೇಕಾಗಿಲ್ಲ. ನಿಮಿಷಕ್ಕೆ 1440 ಸುತ್ತು ಹಾಕೋ ಮೋಟ್ರನ್ನ ಸೀದಾ ಗಾಣಕ್ಕೆ ಕಟ್ಟಿದ್ರೆ ಕಬ್ಬು ಅರೆಯಕಿಲ್ಲ. ಬೆಲ್ಟು, ದೊಡ್ಡ ಚಕ್ರ, ಹಲ್ಲು ಅಂತ ವೇಗ ಇಳಿಸ್ತಾ ಬಂದು, ಬಲ ಏರ್ಸಿ, ಆಮೇಕೆ ಉರುಳೆ ನಿಧಾನಕ್ಕೆ ಕಬ್ಬು ನುಂಗ್ತದೆ. ಕಾರಲ್ಲೂ ಅಷ್ಟೇ. ಮೋಟ್ರಿಗೆ ಕೂರೋ ಸಣ್ಣ ಹಲ್ಲಿನ ಚಕ್ರಕ್ಕೆ ಪಿನಿಯನ್ ಅಂತಾರೆ. ಅದ್ರಲ್ಲಿ ಒಂದೆರಡು ಹಲ್ಲು ಜಾಸ್ತಿ ಇರೋದು ಹಾಕಿದ್ರೆ ಕಾರು ವೇಗ ಓಡ್ತದೆ, ಆದ್ರೆ ಎಳೆಯೋ ಬಲ ಕಮ್ಮಿ, ಮೋಟ್ರಿಗೆ ಕಾವು ಜಾಸ್ತಿ. ಕಮ್ಮಿ ಹಲ್ಲಿಂದು ಹಾಕಿದ್ರೆ ಮಣ್ಣಲ್ಲಿ, ಹುಲ್ಲಲ್ಲಿ ಸಲೀಸಾಗಿ ಎಳೀತದೆ. ಮೋಟ್ರಿಗಿಂತ ಎಷ್ಟೋ ಕಮ್ಮಿ ದುಡ್ಡಲ್ಲಿ ಮುಗಿಯೋ ಬದಲಾವಣೆ ಇದು. ಮೊದ್ಲು ಇದನ್ನ ಮಾಡಿ ನೋಡ್ದೇ ಮೋಟ್ರು ಕೇಳೋ ಹೈದನ್ಗೆ ನಾನಂತೂ ದುಡ್ಡು ಕೊಡಕಿಲ್ಲ.

"ದೊಡ್ಡದ್ನೇ ತಗೊ" ಅನ್ನೋರ್ಗೆ ಒಂದ್ಮಾತು. ತೋಟದಲ್ಲಿ 5 ಎಚ್‌ಪಿ ಮೋಟ್ರು ತೆಗ್ದು ಏಳೂವರೆ ಹಾಕಿ, ಕೇಬಲ್ಲು ಅದೇ, ಸ್ಟಾರ್ಟ್ರೂ ಅದೇ ಮಡಗಿದ್ರೆ ಏನಾಯ್ತದೆ? ವೈರು ಕಾಯ್ತದೆ, ಸ್ಟಾರ್ಟ್ರು ಬೀಳ್ತದೆ, ಕೊನೆಗೆ ವೈಂಡಿಂಗ್ ಅಂಗಡಿ ಮುಂದೆ ನಿಂತ್ಕಬೇಕು. ಕಾರಿನ ಸ್ಪೀಡ್ ಕಂಟ್ರೋಲರ್ರಿಗೂ ಒಂದು ಮಿತಿ ಅದೆ. ಹಾಬಿವಿಂಗ್ ಕಂಪ್ನಿಯ 1060 ಅನ್ನೋ ಬ್ರಶ್ ಕಂಟ್ರೋಲರ್ನೇ ತಗಳಿ. ಎರಡು ಸೆಲ್ಲಿನ ಲಿಪೋ ಬ್ಯಾಟ್ರಿಗೆ 12 ಟರ್ನಿಗಿಂತ ಕಮ್ಮಿ ಮೋಟ್ರು ಬ್ಯಾಡ, ಮೂರು ಸೆಲ್ಲಿಗೆ 18ಕ್ಕಿಂತ ಕಮ್ಮಿ ಬ್ಯಾಡ ಅಂತ ಅದ್ರ ಲೆಕ್ಕ. ಬ್ಯಾಟ್ರಿಗೂ ಮಿತಿ ಅದೆ. 1500 ಎಂಎಎಚ್ ಬ್ಯಾಟ್ರಿ ಮೇಲೆ 20ಸಿ ಅಂತ ಬರ್ದಿದ್ರೆ, ಒಂದೂವರೆ ಇಪ್ಪತ್ತ್ಲೆ ಮೂವತ್ತು. ಅದು ಒಂದೇ ಸಮ ಕೊಡ್ಬೋದು ಅನ್ನೋದು 30 ಆಂಪಿಯರು. ಮೋಟ್ರು ಅದಕ್ಕಿಂತ ಜಾಸ್ತಿ ಎಳೆದ್ರೆ ಬ್ಯಾಟ್ರಿ ಕಾಯ್ತದೆ, ಊದ್ಕತದೆ.

ಅದುಕ್ಕೇ ದುಡ್ಡು ಹಾಕೋ ವರಸೆ ಹಿಂಗಿರ್ಬೇಕು ಅಂತ ನಾನು ಹೇಳದು. ಮೊದ್ಲು ಕಾರು ಬಿಚ್ಚಿ ಮಣ್ಣು ಕೂದ್ಲು ತೆಗೀಬೇಕು. ನಮ್ಮ ಕೆಂಪು ಮಣ್ಣಿನ ಧೂಳು ಹಲ್ಲಿಗೆ ಮೆತ್ಕಂಡ್ರೆ ಎಂಥ ಮೋಟ್ರೂ ಮುಲುಗ್ತದೆ. ಆಮೇಕೆ ಚಕ್ರದ ಹತ್ರ ಬುಶ್ಶಿದ್ರೆ ಬೇರಿಂಗ್ ಹಾಕ್ಸಬೇಕು. ಅದಾದ್ಮೇಲೆ ಒಳ್ಳೇ ಬ್ಯಾಟ್ರಿ, ಆಮೇಲೆ ಪಿನಿಯನ್ನು. ಇಷ್ಟಾದ್ರೂ ಸಾಲ್ದು ಅಂದ್ರೆ ಕಂಟ್ರೋಲರ್ ತಡ್ಕಳೋ ಅಷ್ಟರ ಬ್ರಶ್ ಮೋಟ್ರು. ಇಬ್ರು ಮೂವರು ಸೇರಿ ದುಡ್ಡು ಹಾಕಿ ಒಬ್ಬ ಬೆಂಗ್ಳೂರಿನ ಎಸ್.ಪಿ. ರೋಡಿಗೆ ಹೋಗಿ ಬಂದ್ರೂ ಆಯ್ತು. ಮದ್ದೂರಲ್ಲೋ ಮಂಡ್ಯದಲ್ಲೋ ರೈಲು ಹತ್ತಿದ್ರೆ ಬೆಂಗ್ಳೂರು ಸ್ಟೇಷನ್ನಿಂದ ಆ ಬೀದಿ ದೂರವೇನಿಲ್ಲ. ಅಂಗಡೀಲಿ ಕೈಯಲ್ಲಿ ಹಿಡ್ದು ಅಳೆದು ತರಬೋದು.

ಹಂಗಂತ ಬ್ರಶ್‌ಲೆಸ್ಸು ದಂಡ ಅಂತ ನಾನು ಹೇಳ್ತಿಲ್ಲ. ವಾರಕ್ಕೆ ಮೂರು ದಿನ ಓಡ್ಸೋನು, ಎರಡು ಮೂರು ವರ್ಷ ಬಿಡದೆ ಓಡ್ಸಿರೋನು, ಕೆಟ್ಟದ್ದನ್ನ ತಾನೇ ಬಿಚ್ಚಿ ಜೋಡ್ಸೋನು ಆಗಿದ್ರೆ, ವರ್ಷಕ್ಕೆರಡು ಬ್ರಶ್ ಮೋಟ್ರು ಸವೆಸೋ ಬದ್ಲು ಮೋಟ್ರು ಕಂಟ್ರೋಲರ್ ಎರಡೂ ಜೊತೇಲಿ ಬರೋ ಸೆಟ್ ತಗಳದೇ ಲಾಭ. ಆದ್ರೆ ಅದ್ರ ಬಲ ತಡ್ಕಳಕೆ ಪ್ಲಾಸ್ಟಿಕ್ ಹಲ್ಲಿನ ಬದ್ಲು ಲೋಹದ್ದು ಬೇಕಾಗ್ಬೋದು, ಅದೂ ಲೆಕ್ಕದಲ್ಲಿರ್ಲಿ. ಬಂಡೆ ಹತ್ತೋ ಕಾರಾದ್ರೆ ಸೆನ್ಸರ್ ಇಲ್ದ ಬ್ರಶ್‌ಲೆಸ್ಸು ನಿಧಾನದಲ್ಲಿ ತಡವರಿಸ್ತದೆ. ಅದುಕ್ಕೆ ಹೆಚ್ಚು ಟರ್ನಿನ ಬ್ರಶ್ ಮೋಟ್ರೇ ವಾಸಿ, ಅಗ್ಗವೂ ಹೌದು.

ಈಗ ನಮ್ಗೆ ನಿಜವಾಗ್ಲೂ ಸಂಬಂಧಪಟ್ಟ ಮಾತು. ದೊಡ್ಡ ಮೋಟ್ರು ಬಂದ್ರೆ ಮನೆಗೆ ದೊಡ್ಡ ಬ್ಯಾಟ್ರಿಯೂ ಬತ್ತದೆ. ಲಿಪೋ ಬ್ಯಾಟ್ರಿ ಒಂದು ಸೆಲ್ಲಿಗೆ 4.2 ವೋಲ್ಟು ದಾಟಂಗಿಲ್ಲ, 3 ವೋಲ್ಟಿಗಿಂತ ಕೆಳಕ್ಕೆ ಇಳೀಬಾರ್ದು. ಹಳೇ ಥರದ ಕಂಟ್ರೋಲರ್ರಿಗೆ ಇಳಿದಾಗ ನಿಲ್ಸೋ ಬುದ್ಧಿ ಇರಕಿಲ್ಲ, ಕೇಳಿ ತಿಳ್ಕಳಿ. ಊದ್ಕಂಡ ಬ್ಯಾಟ್ರಿಗೆ ಚಾರ್ಜ್ ಹಾಕಿದ್ರೆ ಬೆಂಕಿ ಹತ್ತಬೋದು. ಹಾಸಿಗೆ ಮೇಲೆ, ಬಟ್ಟೆ ಗಂಟಿನ ಪಕ್ಕ, ಎಲ್ರೂ ಮಲಗಿದ್ಮೇಲೆ ಚಾರ್ಜ್ ಹಾಕದು ಬ್ಯಾಡವೇ ಬ್ಯಾಡ. ಬರೀ ನೆಲದ ಮೇಲೆ ಮಡಗಿ, ಎದುರ್ಗೇ ಕುಂತಿರ್ಬೇಕು. "ಇನ್ನೊಂದ್ ಪೈಸನೂ ಇಲ್ಲ" ಅಂತ ಬಾಯಿ ಮುಚ್ಚಿಸೋದು ನಂಗೆ ಸರಿ ಕಾಣ್ದೇ ಇರೋದು ಇದುಕ್ಕೇಯ. ಬಯ್ದು ಕಳಿಸಿದ್ರೆ ಹೈದ ಸ್ನೇಹಿತರ ಹತ್ರ ಸಾಲ ಮಾಡಿ ತರ್ತಾನೆ, ನಮ್ಮ ಕಣ್ತಪ್ಪಿಸಿ ಮಂಚದ ಕೆಳಗೆ ಚಾರ್ಜ್ ಹಾಕ್ತಾನೆ. ಗೊತ್ತಿದ್ದು ಕೊಡ್ಸಿದ ಸಣ್ಣ ಮೋಟ್ರಿಗಿಂತ ಗೊತ್ತಿಲ್ದೆ ಬಂದ ಬ್ಯಾಟ್ರಿ ಮನೆಗೆ ಅಪಾಯ.

ವೇಗದ ಮಾತೂ ಅಷ್ಟೇ. ವೇಗ ಎರಡು ಪಟ್ಟಾದ್ರೆ ಗುದ್ದೋ ಶಕ್ತಿ ನಾಲ್ಕು ಪಟ್ಟಾಯ್ತದೆ. ಬೀದೀಲಿ ಅಂಬೆಗಾಲಿಡೋ ಕೂಸು, ಕೋಲೂರ್ಕಂಡು ಬರೋ ಅಜ್ಜಿ ಇರ್ತಾರೆ. ಜೋರು ಕಾರಿಗೆ ಕುಯ್ದ ಗದ್ದೆಯೋ ಖಾಲಿ ಕಣವೋ ಸರಿ. ಬೇಸಿಗೇಲಿ ಬಿಸಿಲು ಇಳಿದ್ಮೇಲೆ ಓಡ್ಸಿ, ಹತ್ತು ನಿಮಿಷಕ್ಕೊಂದ್ಸಲ ನಿಲ್ಸಿ ಮೋಟ್ರನ್ನ ಹುಷಾರಾಗಿ ಮುಟ್ಟಿ ನೋಡ್ಲಿ. ಬೆರಳು ಮಡಗಕ್ಕಾಗದಂಗೆ ಸುಡ್ತಿದ್ರೆ ಪಿನಿಯನ್ನಿನ ಹಲ್ಲು ಕಮ್ಮಿ ಮಾಡ್ಬೇಕು ಅಂತ ಅರ್ಥ.

ಹಂಗಾಗಿ ಮೋಟ್ರು ಬೇಕು ಅಂತ ಮಗನೋ ಮಗಳೋ ಬಂದ್ರೆ ಒಂದು ಹಾಳೆ, ಪೆನ್ನು ಕೊಡಿ. ಮೋಟ್ರು, ಕಂಟ್ರೋಲರ್ರು, ಪಿನಿಯನ್ನು, ಬ್ಯಾಟ್ರಿ, ಚಾರ್ಜರ್ರು, ಕೊರಿಯರ್ರು, ಎಲ್ಲಾದ್ರ ಬೆಲೆ ಬರೀಲಿ. ಕಾರು ಎಲ್ಲಿ ಓಡ್ಬೇಕು, ಈಗಿಂದು ಯಾಕೆ ಸಾಲ್ದು ಅಂತಲೂ ಎರಡು ಸಾಲು ಬರೀಲಿ. ಕೂಡಿ ಬಂದ ಮೊತ್ತ ನೋಡಿದ್ರೆ ಅರ್ಧ ಜನ ತಾವೇ ಪಿನಿಯನ್ನಿಗೆ ಇಳೀತಾರೆ. ಮಿಕ್ಕೋರು ಬರ್ದ ಲೆಕ್ಕ ಸರಿ ಇದ್ರೆ, ವರ್ಷಕ್ಕೆ ಇಷ್ಟೇ ಅಂತ ಗೊತ್ತು ಮಾಡಿ ಕೊಡಿ. ನಾಳೆ ಟ್ರ್ಯಾಕ್ಟರೋ ಪಂಪ್‌ಸೆಟ್ಟೋ ತಗಳೋ ಕಾಲಕ್ಕೆ ದೊಡ್ಡ ನಂಬರ್ರಿಗೆ ಮಳ್ಳಾಗ್ದೆ ತಕ್ಕದ್ದು ಆರ್ಸೋ ಬುದ್ಧಿ ಈ ಸಣ್ಣ ಮೋಟ್ರಲ್ಲೇ ಬಂದ್ಬುಟ್ರೆ, ಅಷ್ಟು ದುಡ್ಡು ದಂಡ ಅಂತ ನಾನು ಯಾವತ್ತೂ ಅನ್ನಕಿಲ್ಲ.