ಮತಗಟ್ಟೆಗೆ ಬಾರದವರು ಉದಾಸೀನರೇ?

ಚುನಾವಣೆ ಮುಗಿದು ಮತದಾನದ ಪ್ರಮಾಣ ಪ್ರಕಟವಾದೊಡನೆ, ಮತ ಚಲಾಯಿಸದವರನ್ನು ಉದಾಸೀನರೆಂದು ಜರೆಯುವುದು ನಮಗೆಲ್ಲ ರೂಢಿಯಾಗಿದೆ. ಈ ತೀರ್ಪು ಎಷ್ಟು ಅವಸರದ್ದೆಂಬುದನ್ನು ಅಮೆರಿಕದ ರಾಜ್ಯಶಾಸ್ತ್ರಜ್ಞ ಬರ್ನಾರ್ಡ್ ಫ್ರಾಗಾ ಅವರ ಸಂಶೋಧನೆ ತೋರಿಸಿಕೊಡುತ್ತದೆ. ಬಿಳಿಯರಿಗೂ ಇತರ ಜನಾಂಗದವರಿಗೂ ಮತದಾನದಲ್ಲಿರುವ ಅಂತರವನ್ನು ಅವರು 2018ರಲ್ಲಿ ಪ್ರಕಟವಾದ ‘ದಿ ಟರ್ನ್‌ಔಟ್ ಗ್ಯಾಪ್’ ಎಂಬ ಗ್ರಂಥದಲ್ಲಿ ಪರಿಶೀಲಿಸಿದ್ದಾರೆ.

ಈ ಅಂತರಕ್ಕೆ ನೋವಿನ ಇತಿಹಾಸವಿದೆ. ಜನಾಂಗದ ಕಾರಣಕ್ಕೆ ಮತದಾನದ ಹಕ್ಕನ್ನು ನಿರಾಕರಿಸಬಾರದೆಂದು ಅಲ್ಲಿನ ಸಂವಿಧಾನದ 15ನೆಯ ತಿದ್ದುಪಡಿ 1870ರಲ್ಲಿಯೇ ವಿಧಿಸಿತ್ತು. ಆದರೂ ದಕ್ಷಿಣದ ರಾಜ್ಯಗಳು ಸಾಕ್ಷರತೆಯ ಪರೀಕ್ಷೆ, ತಲೆಗಂದಾಯ, ಬೆದರಿಕೆಗಳ ಮೂಲಕ ಕಪ್ಪು ಜನಾಂಗದವರನ್ನು ದೂರವಿರಿಸಿದವು. 1964ರಲ್ಲಿ ಮಿಸಿಸಿಪಿ ರಾಜ್ಯದ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು ಅವರಲ್ಲಿ ಶೇ. 7ಕ್ಕಿಂತ ಕಡಿಮೆ. 1965ರ ಮತದಾನ ಹಕ್ಕುಗಳ ಕಾಯಿದೆ ಜಾರಿಗೆ ಬಂದ ಎರಡೇ ವರ್ಷಗಳಲ್ಲಿ ಅದು ಶೇ. 60ರ ಸಮೀಪಕ್ಕೆ ಏರಿತು. ಆಸಕ್ತಿ ಮೊದಲೂ ಇತ್ತು, ಬಾಗಿಲು ಮುಚ್ಚಿತ್ತು.

ಬಾಗಿಲು ತೆರೆದ ಮೇಲೂ ಅಂತರ ಉಳಿದುದೇಕೆ? 2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ಬಿಳಿಯ ನಾಗರಿಕರ ಪೈಕಿ ಶೇ. 65ರಷ್ಟು ಜನ ಮತ ಚಲಾಯಿಸಿದರೆಂದೂ, ಲ್ಯಾಟಿನೊ ನಾಗರಿಕರಲ್ಲಿ ಅದು ಶೇ. 48ನ್ನೂ ಮುಟ್ಟಲಿಲ್ಲವೆಂದೂ ಅಲ್ಲಿನ ಜನಗಣತಿ ಇಲಾಖೆಯ ಸಮೀಕ್ಷೆ ಹೇಳುತ್ತದೆ. ಬಡತನ, ಶಿಕ್ಷಣದ ಕೊರತೆಗಳೇ ಇದಕ್ಕೆ ಕಾರಣವೆನ್ನೋಣವೆಂದರೆ, ಆದಾಯ ಮತ್ತು ಶಿಕ್ಷಣಗಳಲ್ಲಿ ಮುಂದಿರುವ ಏಷ್ಯನ್ ಸಮುದಾಯದಲ್ಲಿಯೂ ಮತದಾನ ಅರ್ಧದಷ್ಟೇ. ನಮ್ಮ ನಾಡಿನಿಂದ ತೆರಳಿ ಅಲ್ಲಿನ ಪೌರತ್ವ ಪಡೆದವರೂ ಈ ಲೆಕ್ಕದಲ್ಲಿಯೇ ಸೇರುತ್ತಾರೆ.

ಫ್ರಾಗಾ ಅವರು ಕಂಡ ಉತ್ತರ ಸರಳವಾದರೂ ಗಂಭೀರವಾದುದು. ಕ್ಷೇತ್ರದ ಮತದಾರರಲ್ಲಿ ಒಂದು ಸಮುದಾಯದ ಪಾಲು ದೊಡ್ಡದಾಗಿದ್ದರೆ, ಅಭ್ಯರ್ಥಿ ಯಾವ ಜನಾಂಗದವರೇ ಆಗಿರಲಿ, ಆ ಸಮುದಾಯದ ಮತದಾನ ಏರುತ್ತದೆ. ಪಾಲು ಚಿಕ್ಕದಾಗಿದ್ದರೆ ಪಕ್ಷಗಳು ಅವರನ್ನು ಅರಸಿ ಹೋಗುವುದಿಲ್ಲ. ತಮ್ಮ ಮತದಿಂದ ಫಲವೇನೆಂಬ ನಿರಾಶೆ ಅವರಲ್ಲಿ ನೆಲೆಯೂರುತ್ತದೆ. ಅವರು ಬರಲಿಲ್ಲವೆಂಬುದೇ ಮುಂದಿನ ಸಲದ ಕಡೆಗಣನೆಗೆ ನೆಪವಾಗುತ್ತದೆ. ಬಿಳಿಯರೂ ಈ ನಿಯಮಕ್ಕೆ ಹೊರತಲ್ಲ. ಅವರು ಅಲ್ಪಸಂಖ್ಯಾತರಾಗಿರುವ ಕ್ಷೇತ್ರಗಳಲ್ಲಿ ಈ ಅಂತರ ಕುಗ್ಗುತ್ತದೆ, ಕೆಲವೆಡೆ ತಿರುವುಮುರುವಾಗುತ್ತದೆ.

ಹಾಗೆಂದು ಜನಾಂಗಕ್ಕೊಂದು ಕ್ಷೇತ್ರವನ್ನು ಕೊರೆಯುವುದೇ ಪರಿಹಾರವೆಂದು ನಾವು ಭಾವಿಸುವುದಿಲ್ಲ. ಹರಿದು ಹಂಚಿಹೋಗಿ ಎಲ್ಲೆಡೆಯೂ ಕೆಲವರೇ ಆಗಿ ಬಾಳುವವರಿಗೆ ಅದರಿಂದ ದೊರೆಯುವುದೇನು? ಗೆಲುವಿನ ಲೆಕ್ಕಕ್ಕೆ ಬಾರದ ಮನೆಯ ಕದವನ್ನೂ ತಟ್ಟುವ ರಾಜಕಾರಣ ಅವರಿಗೆ ಬೇಕಾಗಿದೆ. ಕರೆಯದೆ ಇದ್ದು, ಬರಲಿಲ್ಲವೆಂದು ದೂರುವುದು ಪ್ರಜಾಸತ್ತೆಗೆ ತಕ್ಕ ನಡೆಯಲ್ಲ.