ಯಾರಾದ್ರೂ ಕರ್ಕೊಂಡು ಹೋಗ್ಲಿ ಅಂತ ಕಾಯ್ಬೇಡಿ

ಅಮೆರಿಕಾದಿಂದ ಬಂದಾಗಿಂದ ನಮ್ಮ ಬೀದೀಲಿ ಎಲ್ರೂ ಕೇಳೋದು ಒಂದೇ: "ನಯಾಗರಾ ನೋಡಿದ್ರಾ? ಯಾರು ಕರ್ಕೊಂಡು ಹೋಗಿದ್ರು?" ನೋಡ್ದೆ ಕಣ್ರವ್ವ. ಯಾರೂ ಕರ್ಕೊಂಡು ಹೋಗ್ಲಿಲ್ಲ. ನಾನು, ಹುಣಸೂರಿನ ನಮ್ಮ ಬೀಗಿತ್ತಿ ಇಬ್ರೇ ಹೋಗಿದ್ವಿ. ಕೇಳಿದೋರು ಬಾಯಿ ಮೇಲೆ ಕೈ ಇಟ್ಕೊಂಡ್ರು. ನನ್ನ ಮಾತು ಮೊದ್ಲೇ ಹೇಳ್ಬುಡ್ತೀನಿ: ಮಕ್ಕಳ ಮನೆಗೆ ಹೋಗೋ ಅಮ್ಮಂದಿರು ನಯಾಗರಾನ ಟೂರ್ ಬಸ್ಸಲ್ಲಿ ನೋಡ್ಬೇಡಿ. ನೀವೇ ಹೋಗಿ, ಎರಡು ರಾತ್ರಿ ಇದ್ದು ನೋಡಿ.

ಮಗಳಿಗೂ ಅಳಿಯನಿಗೂ ರಜ ಇರ್ಲಿಲ್ಲ. "ಟೂರ್ ಬಸ್ಸಿಗೆ ಬುಕ್ ಮಾಡ್ತೀನಮ್ಮ" ಅಂದ್ಲು. ಹಂಗೆ ಹೋಗಿ ಬಂದೋರೊಬ್ರನ್ನ ಕೇಳ್ದೆ. ಇಳಿಸಿದ್ರಂತೆ, ಫೋಟೊ ಹಿಡ್ಕೊಂಡ್ರಂತೆ, ದೋಣಿ ಹತ್ತಿದ್ರಂತೆ, ಸಂಜೆ ಕುರಿ ಎಣಿಸ್ದಂಗೆ ತಲೆ ಎಣಿಸಿ ಮತ್ತೆ ಬಸ್ಸಿಗೆ ತುಂಬಿದ್ರಂತೆ.

ಅದನ್ನ ಕೇಳ್ತಿದ್ದಂಗೆ ನಂಗೆ ನಮ್ಮ ಅತ್ತೆಮ್ಮ ನೆನಪಾದ್ರು. ಚುಂಚನಕಟ್ಟೆ ಪಕ್ಕದ ಹಳ್ಳೀಲಿ ಹುಟ್ಟಿದೋರು. ಸಂಕ್ರಾಂತಿ ದನಗಳ ಜಾತ್ರೆಗೆ ಹೋದ್ರೂ ಅಷ್ಟೆ, ಮಳೆಗಾಲದಲ್ಲಿ ನೆಂಟರನ್ನ ಕರ್ಕೊಂಡು ಹೋದ್ರೂ ಅಷ್ಟೆ, ಮೂರು ಕಲ್ಲು ಹೂಡಿ ಮುದ್ದೆ ಬೇಯಿಸೋ ಕೆಲಸ ಅವರದೇ. ಕೋದಂಡರಾಮನ ಗರ್ಭಗುಡಿ ಒಳಗೆ ನೀರಿನ ಸದ್ದು ಕೇಳಲ್ಲ ಅಂತಾರಲ್ಲ, ಅತ್ತೆಮ್ಮನಿಗೆ ಒಲೆ ಮುಂದೇನೂ ಕೇಳ್ತಿರ್ಲಿಲ್ಲ. ಹೋಗೋ ಹಿಂದಿನ ವರ್ಷ ಒಂದಿನ, "ಒಂದ್ಸಲ ಸುಮ್ಕೆ ಹೋಗಿ ನೀರ್ ಮುಂದೆ ಕೂತ್ಕಂಡು ಬರಾನ ಕಣವ್ವ" ಅಂದ್ರು. "ನಿಮ್ಮ ಮಗನಿಗೆ ಬಿಡುವಾಗ್ಲಿ ಇರಿ ಅತ್ತೆಮ್ಮ" ಅಂದೆ. ಬಿಡುವಾಗ್ಲೇ ಇಲ್ಲ. ಬಸ್ಸು ಹತ್ತಿದ್ರೆ ಅರ್ಧ ಮುಕ್ಕಾಲು ಗಂಟೆ ದಾರಿ ಅಷ್ಟೆ.

ಅದಕ್ಕೇ ಮಗಳಿಗೆ ಹೇಳ್ದೆ, ಬಸ್ಸು ಬೇಡ, ರೈಲು ಟಿಕೆಟ್ ತೆಗಿ ಅಂತ. ನ್ಯೂಯಾರ್ಕಿಂದ ಒಂಬತ್ತು ಗಂಟೆ ಪ್ರಯಾಣ. ಎಷ್ಟೋ ದೂರ ಹಡ್ಸನ್ ನದಿ ಪಕ್ಕದಲ್ಲೇ ರೈಲು ಹೋಗ್ತದೆ. ಚಪಾತಿ, ಚಟ್ನಿಪುಡಿ, ಹುರಿಗಾಳು ಕಟ್ಕೊಂಡಿದ್ವಿ. ಬೀಗಿತ್ತಿಗೆ ಇಂಗ್ಲಿಷ್ ಬರಲ್ಲ, ನನ್ನದು ಎಸ್ಸೆಸ್ಸೆಲ್ಸಿ ಇಂಗ್ಲಿಷು. ಉಳ್ಕೊಳ್ಳೋ ಜಾಗದ ವಿಳಾಸ ಚೀಟೀಲಿ ಬರ್ಸ್ಕೊಂಡಿದ್ವಿ, ಟ್ಯಾಕ್ಸಿಯವನಿಗೆ ತೋರಿಸಿದ್ವಿ, ಮುಗೀತು.

ಜಲಪಾತ ಇರೋದು ಅಮೆರಿಕಾ ಕೆನಡಾ ಗಡೀಲಿ. ಅಮೆರಿಕಾ ಕಡೆ ಇರೋದು 1885ರಲ್ಲಿ ಮಾಡಿದ ಸರ್ಕಾರಿ ಪಾರ್ಕು, ಒಳಗೆ ಹೋಗಕ್ಕೆ ಕಾಸಿಲ್ಲ. ಆಡಿನ ಹೆಸರಿನ ಒಂದು ನಡುಗಡ್ಡೆ ಇದೆ, ಗೋಟ್ ಐಲ್ಯಾಂಡ್ ಅಂತ. ಅದರ ತುದೀಲಿ ಕಂಬಿ ಹಿಡ್ಕೊಂಡು ನಿಂತ್ರೆ ಕುದುರೆ ಲಾಳದಂಗೆ ಬಾಗಿರೋ ದೊಡ್ಡ ಜಲಪಾತ ಪಕ್ಕದಲ್ಲೇ ಧುಮುಕ್ತದೆ. ಬೀಗಿತ್ತಿಗೆ ಮಂಡಿ ನೋವು. ಬೆಂಚಿನ ಮೇಲೆ ಎರಡು ಗಂಟೆ ಕೂತಿದ್ವಿ. ಯಾರೂ ಎಬ್ಬಿಸ್ಲಿಲ್ಲ, ಯಾರೂ ಎಣಿಸ್ಲಿಲ್ಲ.

ಇನ್ನೊಂದು ವಿಷಯ. 1950ರಲ್ಲಿ ಎರಡೂ ದೇಶ ಒಪ್ಪಂದ ಮಾಡ್ಕೊಂಡಿವೆ. ಬೇಸಿಗೇಲಿ ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ ನೋಡೋರಿಗೋಸ್ಕರ ಕನಿಷ್ಠ 1 ಲಕ್ಷ ಕ್ಯೂಸೆಕ್ ನೀರು ಬಿಡ್ಬೇಕು, ಉಳಿದ ಹೊತ್ತಲ್ಲಿ 50 ಸಾವಿರ. ಮಿಕ್ಕಿದ್ದು ಕರೆಂಟಿಗೆ. ಕ್ಯೂಸೆಕ್ ಅಂದ್ರೇನು ಅಂತ ಕಾವೇರಿ ಸೀಮೆಯೋರಿಗೆ ಹೇಳ್ಕೊಡ್ಬೇಕಾ? ನಮ್ಮಲ್ಲಿ ಅದು ಜಗಳದ ಮಾತು. ಬೆಳಿಗ್ಗೆ ಎಂಟಕ್ಕೆ ಮುಂಚೆ ಹೋಗಿ ಕಾದು ಕೂತ್ವಿ. ಹೊತ್ತು ಏರ್ತಾ ಏರ್ತಾ ನೀರೂ ಮೈದುಂಬ್ತು. ಮಧ್ಯಾಹ್ನ ಬಂದು ಹೋಗೋ ಬಸ್ಸಿನೋರಿಗೆ ಇದು ಕಾಣಲ್ಲ.

ಕಷ್ಟ ಇಲ್ವೇ ಇಲ್ಲ ಅಂತ ಸುಳ್ಳು ಹೇಳಲ್ಲ. ಖರ್ಚು ಒಸಿ ಜಾಸ್ತಿ ಆಯ್ತು. ಜಲಪಾತದ ಪೂರ್ತಿ ಮುಖ ಕಾಣೋದು ಕೆನಡಾ ಕಡೆಯಿಂದ. ರೇನ್‌ಬೋ ಸೇತುವೆ ನಡ್ಕೊಂಡೇ ದಾಟ್ಬೋದು, ಆದ್ರೆ ನಮಗಿದ್ದಿದ್ದು ಅಮೆರಿಕಾ ವೀಸಾ ಮಾತ್ರ. ಕೆನಡಾದ್ದು ಬೇರೆ ಮಾಡಿಸ್ಬೇಕು. ಆಚೆ ದಡದಲ್ಲಿ ಕೆಂಪು ಕೋಟು ಹಾಕ್ಕೊಂಡು ದೋಣಿ ಹತ್ತೋರನ್ನ ಈ ದಡದಲ್ಲಿ ನೀಲಿ ಕೋಟು ಹಾಕ್ಕೊಂಡು ನೋಡಿದ್ವಿ. ನೀವು ಹೋಗೋದಾದ್ರೆ ಊರಲ್ಲಿದ್ದಾಗ್ಲೇ ಎರಡೂ ವೀಸಾ ಮಾಡಿಸ್ಕೊಳ್ಳಿ, ಪಾಸ್‌ಪೋರ್ಟ್ ಬ್ಯಾಗಲ್ಲೇ ಇರ್ಲಿ.

"ವಯಸ್ಸಾದೋರು, ಹೆಂಗಸ್ರು, ಏನಾದ್ರೂ ಆಗಿದ್ರೆ?" ಅಂತ ನಮ್ಮ ಯಜಮಾನ್ರೂ ಕೇಳಿದ್ರು. ಆಗ್ಬೋದಿತ್ತು. ಅದಕ್ಕೇ ಇಬ್ರು ಹೋಗಿದ್ದು, ಹೊತ್ತು ಹೊತ್ತಿಗೆ ಮಗಳಿಗೆ ಫೋನ್ ಮಾಡ್ತಿದ್ದಿದ್ದು. ಕಾಯ್ತಾ ಕೂತ್ರೂ ಏನಾಗ್ತದೆ ಅಂತ ನಾನು ಅತ್ತೆಮ್ಮನ ವಿಷಯದಲ್ಲಿ ನೋಡಿದೀನಲ್ಲ.

ಎಲ್ರಿಗೂ ಅಮೆರಿಕಾಕ್ಕೆ ಹೋಗೋ ಯೋಗ ಇರಲ್ಲ, ಗೊತ್ತು. ಚುಂಚನಕಟ್ಟೆಗೆ ವೀಸಾ ಬೇಡ. ಆಷಾಢದಲ್ಲಿ ಹೊಳೆ ತುಂಬಿದ ಮೇಲೆ ಒಂದು ಬುಧವಾರ ನಾನು ಹೋಗ್ತೀನಿ. ಒಲೆ ಹೂಡಲ್ಲ, ಬುತ್ತಿ ಕಟ್ಕೊಂಡು ಹೋಗೋದು. ಬರೋರು ಬೆಳಿಗ್ಗೆ ಒಂಬತ್ತಕ್ಕೆ ಕೆ.ಆರ್.ನಗರ ಬಸ್ ಸ್ಟ್ಯಾಂಡಿಗೆ ಬನ್ನಿ. ನಿಮ್ಮ ಅತ್ತೆಯವರನ್ನೂ ಕರ್ಕೊಂಡು ಬನ್ನಿ.