ತಡವಾದರೂ ತಮ್ಮದೇ ಹಡಗು

ಸದರ್ನ್ ಅವೆನ್ಯೂ ಪಕ್ಕದ ಸರೋವರದಲ್ಲಿ ದೋಣಿಗೆ ಹುಟ್ಟು ಹಾಕುವ ಮಕ್ಕಳೇ, ಈ ಸಲ ಒಂದು ಯುದ್ಧನೌಕೆಯ ಕಥೆ.

ಫ್ರಾನ್ಸಿನ ಎಮಿಲ್ ಬೆರ್ತಾನ ನಕ್ಷೆಯಂತೆ ಜಪಾನ್ ಮೂರು ಕ್ರೂಸರ್‌ಗಳನ್ನು ಮಾಡಿಸಿತು. ಯಂತ್ರಗಳ ಮೇಲೆ ಉಕ್ಕಿನ ಹೊದಿಕೆ ಹಾಸಿದ ಹಡಗುಗಳವು. ಮತ್ಸುಶಿಮಾ, ಇತ್ಸುಕುಶಿಮಾ ಫ್ರಾನ್ಸಿನಲ್ಲೇ ತಯಾರಾದವು. ಹಶಿದಾತೆಯನ್ನು ಮಾತ್ರ ಜಪಾನಿಗರೇ ಯೊಕೊಸುಕಾದಲ್ಲಿ ಕಟ್ಟಿದರು. 1888ರಲ್ಲಿ ಹಿಡಿದ ಕೆಲಸ ಮುಗಿದದ್ದು 1894ರಲ್ಲಿ, ಅಕ್ಕಂದಿರಿಬ್ಬರಿಗಿಂತ ತಡವಾಗಿ. ಅದೇ ಸೆಪ್ಟೆಂಬರ್ 17ರಂದು ಚೀನಾದೊಡನೆ ನಡೆದ ಯಾಲು ಕದನದಲ್ಲಿ ಮತ್ಸುಶಿಮಾ ಜರ್ಜರಿತವಾಯಿತು. ಆಗ ದಳಪತಿ ಇತೊ ತಮ್ಮ ಬಾವುಟ ಏರಿಸಿದ್ದು ಹಶಿದಾತೆಯ ಮೇಲೆ!

ಸ್ವತಂತ್ರ ಭಾರತದಲ್ಲಿ ಕಟ್ಟಿದ ಮೊದಲ ಯುದ್ಧನೌಕೆ ‘ಅಜಯ್’ ನಮ್ಮೂರಿನ ಗಾರ್ಡನ್ ರೀಚ್‌ನದೇ. ಕೊಳ್ಳುವುದು ಬೇಗ, ಕಲಿಯುವುದು ನಿಧಾನ. ಆಪತ್ತಿಗೆ ಆಗುವುದು ಕಲಿತದ್ದೇ. ತಡವರಿಸುತ್ತ ಕನ್ನಡ ಓದುವ ನಿಮಗೂ ಇದೇ ಮಾತು. ತಡವಾದರೆ ಆಗಲಿ, ಬಿಡಬೇಡಿ.